ಪೈಲ್ವಾನರು ಸಾಕಿದ ಮೂವತ್ತು ಇಲಿ

ನನ್ನ ಹತ್ತಿರ ಪಾಸ್‌ಪೋರ್ಟ್ ಇಲ್ಲ. ಆದರೂ ಒಮ್ಮೆ ಪರದೇಶಕ್ಕೆ ಹೋಗಿ ಏಳು ವಾರ ಇದ್ದು ಬಂದಿದ್ದೇನೆ. ಆ ದೇಶದ ಹೆಸರು ದೆಹಲಿ. ಅಲ್ಲಿಯ ಜನಕ್ಕೂ ನಾನು ಪರದೇಶದವಳೇ ಆಗಿದ್ದೆ. ನನ್ನ ಊರು ದಾವಣಗೆರೆ ಎಂದರೆ ಅವರು ತಲೆದೂಗಿ, "ಅಚ್ಛಾ, ಮದ್ರಾಸ್" ಎನ್ನುತ್ತಿದ್ದರು.

ಹೋಗಿದ್ದು ಇಲಿಗಳಿಗೋಸ್ಕರ. ನಾನು ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುವವಳು. ಔಷಧಿ ದೇಹದೊಳಗೆ ಹೋಗಿ ಏನು ಮಾಡುತ್ತದೆಂದು ಹತ್ತು ವರ್ಷದಿಂದ ಕಪ್ಪು ಹಲಗೆಯ ಮೇಲೆ ಬಾಣ ಬರೆದು ತೋರಿಸುತ್ತಿದ್ದೆ. ಒಳಗೆ ಇಣುಕಿ ನೋಡಿದ್ದು ಮಾತ್ರ ಕಡಿಮೆ. ದೆಹಲಿಯ ಹೊರವಲಯದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅಧ್ಯಾಪಕರಿಗೆ ಐದು ವಾರದ ತರಬೇತಿ ಇದೆಯೆಂದು ಪತ್ರ ಬಂತು. ಜನವರಿ ಚಳಿ ಎಂದು ಉಳಿದವರೆಲ್ಲ ಒಬ್ಬೊಬ್ಬರಾಗಿ ಹಿಂದೆ ಸರಿದರು. ಕೊನೆಗೆ ಉಳಿದವಳು ನಾನು. ಪ್ರಿನ್ಸಿಪಾಲರು ಇದನ್ನು ಸ್ಟಾಫ್ ಮೀಟಿಂಗಿನಲ್ಲಿ ನನ್ನ ಪ್ರತಿಭೆಗೆ ಸಂದ ಗೌರವವೆಂದು ಪ್ರಕಟಿಸಿದರು.

ನಿಜಾಮುದ್ದೀನ್ ಸ್ಟೇಷನ್

ಹಿಂದಿಯ ಬಗ್ಗೆ ನನಗೆ ಭಯವಿರಲಿಲ್ಲ. ಹೈಸ್ಕೂಲಿನಲ್ಲಿ ಬೇಸಿಗೆ ರಜೆ ಹಾಳುಮಾಡಿಕೊಂಡು ಮೂರು ಹಿಂದಿ ಪರೀಕ್ಷೆ ಪಾಸು ಮಾಡಿದವಳು ನಾನು. ರೈಲಿಳಿದು ಆಟೋದವನ ಮುಂದೆ ನಿಂತು, ಮಹಾಶಯ, ಕೃಪೆಮಾಡಿ ನನ್ನನ್ನು ರಾಮಕೃಷ್ಣಪುರಕ್ಕೆ ಕರೆದೊಯ್ಯುವಿರಾ ಎಂಬ ಅರ್ಥದ ಶುದ್ಧ ವಾಕ್ಯವೊಂದನ್ನು ಹೇಳಿದೆ. ಅವನು ಒಂದು ಕ್ಷಣ ನನ್ನನ್ನೇ ನೋಡಿ, ಪಕ್ಕದ ಆಟೋದವನನ್ನು ಕರೆದು, ಇನ್ನೊಮ್ಮೆ ಹೇಳಿ ಎಂದ. ಹೇಳಿದೆ. ಇಬ್ಬರಿಗೂ ಬಹಳ ಸಂತೋಷವಾಯಿತು. ರಾಮಕೃಷ್ಣಪುರ ಎಂದರೆ ಆರ್.ಕೆ. ಪುರಂ ಎಂದು ಗೊತ್ತಾಗಲು ಮೂರನೆಯವನೊಬ್ಬ ಬರಬೇಕಾಯಿತು.

ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನನ್ನ ಯಜಮಾನರ ದೊಡ್ಡಪ್ಪನ ಮಗಳು ಗಿರಿಜಕ್ಕ ಇದ್ದರು. ಅವರ ಗಂಡ ಯಾವುದೋ ಭವನದಲ್ಲಿ ಸೆಕ್ಷನ್ ಆಫೀಸರು. ಎಂಟು ವರ್ಷದ ಮಗಳು ಮೇಘಾಗೆ ಕನ್ನಡ ಪೂರಾ ಅರ್ಥವಾಗುತ್ತಿತ್ತು, ಆದರೆ ಬಾಯಿ ತೆರೆದರೆ ಬರುತ್ತಿದ್ದುದು ಮುಕ್ಕಾಲು ಹಿಂದಿ. ನನ್ನ ಹಿಂದಿ ಕೇಳಿ ಅವಳು ಅಮ್ಮನಿಗೆ, "ಆಂಟಿ ಐಸೇ ಬೋಲ್ತೀ ಹೈ ಜೈಸೇ ಟೀವೀಲಿ ನ್ಯೂಸ್ ಓದ್ತಾರಲ್ಲ" ಎಂದು ವರದಿ ಕೊಟ್ಟಳು. ಇದನ್ನು ಹೊಗಳಿಕೆ ಎಂದೇ ತೆಗೆದುಕೊಂಡೆ. ಗಿರಿಜಕ್ಕ ನನಗೆ ಎರಡು ಸ್ವೆಟರು, ಒಂದು ಮಂಕಿ ಕ್ಯಾಪು ಕೊಟ್ಟು, ಸ್ನಾನ ವಾರಕ್ಕೆ ಎರಡು ದಿನ ಸಾಕು, ಇಲ್ಲಿ ಯಾರೂ ಕೇಳುವುದಿಲ್ಲ ಎಂದರು. ಸೂರ್ಯ ಹುಟ್ಟುವ ಮೊದಲೇ ತಲೆಗೆ ನೀರು ಸುರಿದುಕೊಂಡು ಬೆಳೆದವಳು ನಾನು. ಮೊದಲ ವಾರ ಹಟ ಹಿಡಿದೆ, ಎರಡನೇ ವಾರ ರಾಜಿಯಾದೆ.

ಇಲಿಮನೆ

ಸಂಸ್ಥೆ ಗುರ್ಗಾಂವ್ ಕಡೆಯ ರಸ್ತೆಯಲ್ಲಿತ್ತು. ಗುರ್ಗಾಂವ್ ಆಗಿನ್ನೂ ಗುರುಗ್ರಾಮವಾಗಿರಲಿಲ್ಲ; ಒಂದು ಕಡೆ ಗಾಜಿನ ಕಟ್ಟಡ, ಪಕ್ಕದಲ್ಲೇ ಸಾಸಿವೆ ಹೊಲ, ನಡುವೆ ಮೆಟ್ರೋಗೆಂದು ಅಗೆದ ಗುಂಡಿ. ಬಸ್ಸಿನಲ್ಲಿ ಕಂಡಕ್ಟರು ಸೀಟು ಬಿಟ್ಟು ಏಳುತ್ತಲೇ ಇರಲಿಲ್ಲ. ನಮ್ಮಲ್ಲಿ ಕಂಡಕ್ಟರು ಜನರ ಹತ್ತಿರ ಬರುತ್ತಾನೆ, ಅಲ್ಲಿ ಜನವೇ ಅವನ ದರ್ಶನಕ್ಕೆ ಹೋಗಬೇಕು. ಮಧ್ಯಾಹ್ನವಾದರೆ ಇಡೀ ಸಂಸ್ಥೆ, ವಿಜ್ಞಾನಿಗಳಿಂದ ಹಿಡಿದು ಮಾಲಿಯವರೆಗೆ, ಹುಲ್ಲುಹಾಸಿನ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತು ಕಿತ್ತಳೆ ಸುಲಿಯುತ್ತಿತ್ತು. ಬಿಸಿಲನ್ನು ಕಂಡರೆ ನೆರಳು ಹುಡುಕುವ ಊರಿನವಳಿಗೆ ಇದೊಂದು ಧಾರ್ಮಿಕ ವಿಧಿಯಂತೆ ಕಂಡಿತು.

ಬಿಸಿಲು ಬಿಟ್ಟರೆ ಬೆಚ್ಚಗಿದ್ದ ಜಾಗ ಇಲಿಮನೆ ಒಂದೇ. ಇಲಿಗಳಿಗೆ ಚಳಿಯಾದರೆ ಪ್ರಯೋಗ ಕೆಡುತ್ತದೆಂದು ಅಲ್ಲಿ ಹೀಟರ್ ಹಾಕಿದ್ದರು. ಮನುಷ್ಯರಿಗೆ ಚಳಿಯಾದರೆ ಏನೂ ಕೆಡುವುದಿಲ್ಲ ಎಂಬ ತೀರ್ಮಾನ ಆ ಸಂಸ್ಥೆಯದ್ದಾಗಿತ್ತು.

ಅಲ್ಲಿ ನನ್ನನ್ನು ಎದುರುಗೊಂಡವಳು ನಸ್ರೀನ್. ತುಮಕೂರಿನವಳು, ಐದು ವರ್ಷದಿಂದ ಅಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಕನ್ನಡ ಕೇಳಿ ಎಷ್ಟು ದಿನವಾಗಿತ್ತೋ ಏನೋ, ಮೊದಲ ಅರ್ಧ ಗಂಟೆ ಅವಳು ನನ್ನನ್ನು ಮಾತಾಡಲು ಬಿಡಲೇ ಇಲ್ಲ. ಎಣ್ಣೆ, ಬೆಣ್ಣೆ, ಸಕ್ಕರೆ ತಿಂದು ಕೂತಲ್ಲೇ ಕೂತವರ ಲಿವರಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದಲ್ಲ, ಅದಕ್ಕೆ ಒಂದು ಬಳ್ಳಿಯ ಬೇರಿನಿಂದ ಅವಳು ಔಷಧಿ ಮಾಡಿದ್ದಳು. ಕಂದು ಬಣ್ಣದ ಪುಡಿ. ಅದು ಕೆಲಸ ಮಾಡುತ್ತದೆಂದು ತೋರಿಸಲು ಉಳಿದಿದ್ದು ಕೊನೆಯ ಒಂದು ಪ್ರಯೋಗ. ಮಾರ್ಚ್ ಕೊನೆಗೆ ಅವಳ ಫೆಲೋಶಿಪ್ ಮುಗಿಯುತ್ತಿತ್ತು. ಅಷ್ಟರೊಳಗೆ ಇದು ಕೈಗೂಡದಿದ್ದರೆ ಐದು ವರ್ಷದ ಕೆಲಸವನ್ನು ಮೂಟೆ ಕಟ್ಟಿಕೊಂಡು ತುಮಕೂರಿಗೆ ಹೋಗಬೇಕು. ಮೊದಲ ದಿನವೇ ಅವಳು ಇದನ್ನು ನಗುತ್ತ ಹೇಳಿದಳು, ಆದರೆ ಹೇಳುವಾಗ ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ಕಚ್ಚಿ ಕಚ್ಚಿ ಚಪ್ಪಟೆ ಮಾಡಿದ್ದಳು.

ಔಷಧಿ ಪರೀಕ್ಷಿಸಬೇಕಾದರೆ ಮೊದಲು ಕಾಯಿಲೆ ಬೇಕು. ಇಲಿಗಳಿಗೆ ಆ ಕಾಯಿಲೆ ತರಿಸಲು ಒಂದು ಉಪಾಯವಿದೆ. ಎರಡು ಪೋಷಕಾಂಶಗಳನ್ನು ಬೇಕೆಂದೇ ಬಿಟ್ಟು ಆಹಾರ ತಯಾರಿಸುವುದು. ಲಿವರಿನಿಂದ ಕೊಬ್ಬನ್ನು ಹೊರಗೆ ಸಾಗಿಸಲು ಆ ಎರಡು ಬೇಕೇ ಬೇಕು. ನಮ್ಮೂರಿನ ಅಕ್ಕಿಮಂಡಿಯಲ್ಲಿ ಹಮಾಲರು ಬಾರದಿದ್ದರೆ ಮೂಟೆಗಳು ಹೇಗೆ ರಾಶಿ ಬೀಳುತ್ತವೋ ಹಾಗೆ ಕೊಬ್ಬು ಅಲ್ಲೇ ರಾಶಿ ಬೀಳುತ್ತದೆ. ಆದರೆ ತಮಾಷೆಯೆಂದರೆ, ಒಳಗೆ ಲಿವರ್ ಕೊಬ್ಬಿದಷ್ಟೂ ಹೊರಗೆ ಇಲಿ ಬಡಕಲಾಗುತ್ತದೆ. ಬಡಕಲಾದರೆ ಪ್ರಯೋಗ ಸರಿಯಾಗಿ ನಡೆಯುತ್ತಿದೆ ಎಂದು ಅರ್ಥ. ಇಷ್ಟು ಅರ್ಥವಾದರೆ ಮುಂದಿನ ಕಥೆ ಅರ್ಥವಾಗುತ್ತದೆ.

ಮೂವತ್ತು ಕಪ್ಪು ಇಲಿ. ಹತ್ತಕ್ಕೆ ಒಳ್ಳೆಯ ಊಟ. ಹತ್ತಕ್ಕೆ ಕೊರತೆಯ ಊಟ. ಹತ್ತಕ್ಕೆ ಕೊರತೆಯ ಊಟದ ಜೊತೆ ನಸ್ರೀನಳ ಔಷಧಿ. ಊಟ ಕಲಸುವ ಕೆಲಸ ನನಗೆ ಬಂತು. ಪುಡಿಗೆ ಎಣ್ಣೆ, ನೀರು ಹಾಕಿ ನಾದಿ, ತಟ್ಟಿ, ಒಣಗಿಸಬೇಕು. ನನ್ನ ಕೈ ತನ್ನಷ್ಟಕ್ಕೆ ನಿಪ್ಪಟ್ಟು ತಟ್ಟಿತು. ಪ್ರಯೋಗಾಲಯದ ಮುಖ್ಯಸ್ಥ ಡಾ. ಭಾರ್ಗವ ಅದನ್ನು ಬೆಳಕಿಗೆ ಹಿಡಿದು ನೋಡಿ, ಆಕಾರ ನಿಯಮದಲ್ಲಿಲ್ಲ ಎಂದರು. ಅವರು ನಿಯಮದ ಮನುಷ್ಯ. ಅರ್ಜಿಯಲ್ಲಿ ದಿನಾಂಕ ಎಡಗಡೆ ಇರಬೇಕಾದ್ದು ಬಲಗಡೆ ಇದ್ದರೆ ವಾಪಸು ಕಳಿಸುವವರು. ಇಲಿಗಳು ಮಾತ್ರ ನಿಪ್ಪಟ್ಟನ್ನು ಒಪ್ಪಿಕೊಂಡವು.

ಪೈಲ್ವಾನರು

ಇಲಿಮನೆಯ ಉಸ್ತುವಾರಿ ರಾಮಕಿಶನ್ ಅವರದು. ಪಕ್ಕದ ಹರಿಯಾಣ ಹಳ್ಳಿಯವರು, ಐವತ್ತು ದಾಟಿದವರು. ಯೌವನದಲ್ಲಿ ಕುಸ್ತಿ ಆಡಿ ಜಿಲ್ಲೆಯಲ್ಲಿ ಹೆಸರು ಮಾಡಿದವರಂತೆ. ಒಡೆದು ಮುದ್ದೆಯಾದ ಕಿವಿಗಳೇ ಅದಕ್ಕೆ ಸಾಕ್ಷಿ. ಹನ್ನೊಂದು ವರ್ಷ ಸಂಸ್ಥೆಯ ಗೇಟು ಕಾದಿದ್ದರು. ಹಿಂದಿನ ಉಸ್ತುವಾರಿ ಕೆಲಸ ಬಿಟ್ಟಿದ್ದರಿಂದ ಎರಡು ತಿಂಗಳ ಹಿಂದೆಯಷ್ಟೇ ಅವರನ್ನು ಇಲಿಗಳ ಬಳಿಗೆ ಹಾಕಿದ್ದರು. ಅವರ ಒಂದು ಅಂಗೈಯಲ್ಲಿ ಐದು ಇಲಿ ಹಿಡಿಸುತ್ತಿತ್ತು. ಆ ಕೈಯಿಂದ ಒಂದೊಂದನ್ನೂ ಎತ್ತಿ ತಕ್ಕಡಿಗೆ ಹಾಕುವಾಗ ಹೂ ಇಡುವಷ್ಟು ನಾಜೂಕು.

ನನ್ನ ಮೂರು ಪರೀಕ್ಷೆಗಳ ಹಿಂದಿ ಅವರ ಮುಂದೆ ನೆಲ ಕಚ್ಚಿತು. ಪುಸ್ತಕದ 'ಹೈ' ಅವರ ಬಾಯಲ್ಲಿ 'ಸೈ' ಆಗಿತ್ತು. ಉಳಿದದ್ದು ಏನೇನಾಗಿತ್ತೋ ದೇವರೇ ಬಲ್ಲ. ಹತ್ತು ಮಾತಿನಲ್ಲಿ ಒಂದು ತಿಳಿದರೆ ಹೆಚ್ಚು. ಆದರೆ ಹಿಂದಿ ಬರುತ್ತದೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆನಲ್ಲ, ತಿಳಿಯಲಿಲ್ಲ ಎನ್ನಲು ನಾಚಿಕೆ. ಆದ್ದರಿಂದ ಅವರು ಏನು ಹೇಳಿದರೂ ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ಅವರಿಗೆ ಇದು ಬಹಳ ಹಿಡಿಸಿತು. ಇಷ್ಟು ಗಮನವಿಟ್ಟು ಕೇಳುವ ಮೇಡಂ ಇಡೀ ಸಂಸ್ಥೆಯಲ್ಲಿಲ್ಲ ಎಂದು ನಸ್ರೀನಳ ಹತ್ತಿರ ಹೇಳಿದರಂತೆ.

ಎರಡನೇ ದಿನವೇ ಅವರು ನನ್ನ ಮಣಿಕಟ್ಟನ್ನು ದೂರದಿಂದ ಅಳೆದು ನೋಡಿ, ದಕ್ಷಿಣದಲ್ಲಿ ತಿನ್ನಲು ಸಿಗುವುದಿಲ್ಲವೇ ಎಂದು ಕೇಳಿದರು. ಇದು ಅರ್ಥವಾಯಿತು. ಮರುದಿನದಿಂದ ಬೆಳಿಗ್ಗೆ ಹೋದ ಕೂಡಲೇ ನನ್ನ ಮೇಜಿನ ಮೇಲೆ ಒಂದು ಹಿಡಿ ನೆನೆಸಿದ ಕಡಲೆಕಾಳು, ಒಂದು ಚೂರು ಬೆಲ್ಲ. ಅವರ ಅಖಾಡದಲ್ಲಿ ಹುಡುಗರನ್ನು ಬೆಳೆಸುತ್ತಿದ್ದುದೇ ಹಾಗಂತೆ. ಅವರೂ ತಿನ್ನುತ್ತಿದ್ದರು, ನಾನೂ ತಿನ್ನುತ್ತಿದ್ದೆ. ಎರಡನೇ ವಾರದಿಂದ ಅವರು ಬಟ್ಟಲು ಹಿಡಿದುಕೊಂಡು ಇನ್ನೂ ಏನೋ ಕೇಳತೊಡಗಿದರು, ಒಳಗಿನ ಪಂಜರಗಳ ಕಡೆ ಕೈ ತೋರಿಸಿ. ಒಳಗೆ ಹೋಗಿ ಬರುತ್ತೇನೆ ಎನ್ನುತ್ತಿದ್ದಾರೆ ಎಂದುಕೊಂಡು ತಲೆಯಾಡಿಸಿದೆ. ದಿನಾ ಕೇಳಿದರು. ದಿನಾ ಆಡಿಸಿದೆ.

ಹದಿನೆಂಟನೆಯ ದಿನ

ಮೊದಲ ವಾರ ಕೊರತೆಯ ಊಟದ ಇಪ್ಪತ್ತು ಇಲಿಗಳೂ ಸೊರಗಿದವು. ಎರಡನೇ ವಾರ ಔಷಧಿ ಪಡೆದ ಹತ್ತು ಇಲಿಗಳ ತೂಕ ಇಳಿಯುವುದು ನಿಂತಿತು. ನಸ್ರೀನ್ ನನ್ನನ್ನು ತಬ್ಬಿಕೊಂಡು, "ಮೇಡಂ, ಕೆಲಸ ಮಾಡ್ತಿದೆ" ಎಂದಳು. ಆಮೇಲೆ ಪಟ್ಟಿಯ ಇನ್ನೊಂದು ಸಾಲು ನೋಡಿದಳು. ಔಷಧಿ ಪಡೆಯದ ಹತ್ತರ ತೂಕವೂ ನಿಂತಿತ್ತು. ಹದಿನೆಂಟನೆಯ ದಿನ ಡಾ. ಭಾರ್ಗವ ಒಂದೊಂದು ಗುಂಪಿನಿಂದ ಒಂದೊಂದು ಇಲಿಯನ್ನು ಮೇಲಿನ ಮಹಡಿಗೆ ತರಿಸಿ ತೆರೆದು ನೋಡಿದರು. ಕೊಬ್ಬಿ ಹಳದಿಯಾಗಿರಬೇಕಾದ ಲಿವರೂ ಸೇರಿ ಮೂರೂ ದಾಳಿಂಬೆಯಂತೆ ಕೆಂಪಗೆ, ಥಳಥಳ. ಯಾವ ಲಿವರ್ ಯಾರದ್ದೆಂದು ಹೇಳುವಂತಿರಲಿಲ್ಲ. ಕಾಯಿಲೆಯೇ ಬಂದಿರಲಿಲ್ಲ, ಇನ್ನು ಔಷಧಿ ವಾಸಿ ಮಾಡುವುದೇನನ್ನು?

ಊಟ ಕಲಸಿದವರು ಯಾರು ಎಂದು ಡಾ. ಭಾರ್ಗವ ಕೇಳಿದರು. ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ನನಗೆ ಉರಿದುಹೋಯಿತು. ಗ್ರಾಂ ಲೆಕ್ಕದಲ್ಲಿ ತೂಗಿ, ಎರಡೆರಡು ಸಲ ನೋಡಿ ಕಲಸಿದ್ದೆ. ನನ್ನ ನಿಪ್ಪಟ್ಟಿನಲ್ಲಿ ದೋಷವಿಲ್ಲ ಎಂದು ಸಾಧಿಸಲು ಕೆಳಗಿಳಿದು ಹೋಗಿ, ಪಂಜರಗಳಲ್ಲಿ ಹಾಸಿದ್ದ ಹೊಟ್ಟನ್ನೆಲ್ಲ ಕಾಗದದ ಮೇಲೆ ಸುರಿದು, ಮಂಡಿಯೂರಿ ಕೂತು ಹುಡುಕಿದೆ. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತಾರೆ. ನಾನು ಇಲಿಯ ಹೊಟ್ಟು ಅಗೆದು ಹಿಡಿದದ್ದು ಒಂದು ಕಡಲೆ ಸಿಪ್ಪೆ. ಆಮೇಲೆ ಇನ್ನೊಂದು. ಇಪ್ಪತ್ತು ಇಲಿಗಳ ಪಂಜರಗಳಲ್ಲೂ ಸಿಪ್ಪೆ. ಒಳ್ಳೆಯ ಊಟದ ಹತ್ತರಲ್ಲಿ ಒಂದೂ ಇಲ್ಲ.

ನಾನು ಬಿಟ್ಟಿದ್ದ ಎರಡು ಪೋಷಕಾಂಶಗಳೂ ಕಡಲೆಯಲ್ಲಿವೆ. ಇದನ್ನು ತರಗತಿಯಲ್ಲಿ ನಾನೇ ಪಾಠ ಮಾಡಿದ್ದೇನೆ.

ನಸ್ರೀನಳನ್ನು ಕರೆದುಕೊಂಡು ರಾಮಕಿಶನ್ ಅವರ ಹತ್ತಿರ ಹೋದೆ. ಅವರು ಮುಚ್ಚಿಡಲಿಲ್ಲ. ಸೊರಗಿದವಕ್ಕೆ ಮಾತ್ರ ದಿನಕ್ಕೆ ಅರ್ಧರ್ಧ ಕಾಳು ಕೊಟ್ಟೆ, ಉಳಿದ ಹತ್ತು ಗಟ್ಟಿಮುಟ್ಟಾಗಿದ್ದವು, ಅವಕ್ಕೇಕೆ ಎಂದರು. ಅವರ ಕೈಗೆ ಬಂದ ಯಾವ ಪ್ರಾಣಿಯೂ ಇದುವರೆಗೆ ತೂಕ ಕಳೆದುಕೊಂಡಿರಲಿಲ್ಲವಂತೆ. ನಸ್ರೀನ್ ಅನುವಾದಿಸುತ್ತ ಹೋದಳು. ನಡುವೆ ಒಂದು ಕಡೆ ನಿಂತು, ನನ್ನ ಮುಖ ನೋಡಿದಳು.

"ದಿನಾ ನಿಮ್ಮನ್ನ ಕೇಳಿಯೇ ಕೊಟ್ಟರಂತೆ, ಮೇಡಂ."

ನನ್ನ ಕಿವಿ ಬಿಸಿಯಾಯಿತು. ದೆಹಲಿಗೆ ಬಂದ ಮೇಲೆ ಮೈಯ ಯಾವುದಾದರೂ ಭಾಗ ಬಿಸಿಯಾದದ್ದು ಅದೇ ಮೊದಲು.

ಡಾ. ಭಾರ್ಗವರ ಕೋಣೆ

ಮರುದಿನ ಮೂವರನ್ನೂ ಕರೆಸಿದರು. ರಾಮಕಿಶನ್ ಗುತ್ತಿಗೆಯ ನೌಕರ. ಒಂದು ಸಹಿಯಲ್ಲಿ ಮನೆಗೆ ಹೋಗುವವರು. ಯಾರು ಅನುಮತಿ ಕೊಟ್ಟರು ಎಂದು ಡಾ. ಭಾರ್ಗವ ಕೇಳಿದಾಗ ಅವರು ನನ್ನ ಕಡೆ ನೋಡಲೂ ಇಲ್ಲ. ಯಾರೂ ಕೊಡಲಿಲ್ಲ, ನನ್ನ ಬುದ್ಧಿಯಿಂದಲೇ ಮಾಡಿದೆ ಎಂದರು. ಇದು ಪೂರ್ತಿಯಾಗಿ ಅರ್ಥವಾಯಿತು. ಅರ್ಥವಾಗದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಒಂದು ಕ್ಷಣ ಅನ್ನಿಸಿದ್ದೂ ಸುಳ್ಳಲ್ಲ. ತರಬೇತಿಯ ಸರ್ಟಿಫಿಕೇಟು, ಪ್ರಿನ್ಸಿಪಾಲರ ಭಾಷಣ, ಎಲ್ಲ ಕಣ್ಣಮುಂದೆ ಬಂದು ಹೋದವು. ಪಕ್ಕದಲ್ಲಿ ನಸ್ರೀನ್ ನೆಲ ನೋಡುತ್ತ ನಿಂತಿದ್ದಳು.

ಅನುಮತಿ ಕೊಟ್ಟವಳು ನಾನು ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವರು ದಿನಾ ಕೇಳಿದರು, ನನಗೆ ತಿಳಿಯಲಿಲ್ಲ, ತಿಳಿಯಲಿಲ್ಲ ಎನ್ನಲು ನಾಚಿಕೆಯಾಗಿ ತಲೆಯಾಡಿಸಿದೆ.

ಎಷ್ಟು ದಿನ ಎಂದು ಕೇಳಿದರು. ಭಾನುವಾರ ಬಿಟ್ಟು ಹತ್ತು ದಿನ ಎಂದೆ. ಡಾ. ಭಾರ್ಗವ ಕನ್ನಡಕ ತೆಗೆದು ಒರೆಸಿದರು. ಒರೆಸಿ ಮುಗಿದ ಮೇಲೂ ಒರೆಸುತ್ತಲೇ ಇದ್ದರು. ಆಮೇಲೆ, ಈ ಕಾಯಿಲೆಗೆ ನಸ್ರೀನಳ ಔಷಧಿಗಿಂತ ಪೈಲ್ವಾನರ ಔಷಧಿ ಮೇಲು ಎಂದು ಸಾಬೀತಾಗಿದೆ, ಪ್ರಕಟಿಸೋಣವೇ ಎಂದು ಅವಳನ್ನು ಕೇಳಿದರು. ನಿಯಮದ ಮನುಷ್ಯನಿಗೆ ಹಾಸ್ಯವೂ ಬರುತ್ತದೆಂದು ನಮಗೆ ಗೊತ್ತಿರಲಿಲ್ಲ.

ತೀರ್ಮಾನ ಹೀಗಾಯಿತು: ಇನ್ನೊಂದು ಮೂವತ್ತು ಇಲಿ, ಇನ್ನೊಂದು ಸಲ, ಮಾರ್ಚ್ ಮಧ್ಯದೊಳಗೆ. ಬೇರೆ ಆಳಿಲ್ಲವಾದ್ದರಿಂದ ರಾಮಕಿಶನ್ ಇರುತ್ತಾರೆ. ಮೇಡಂ ಕೂಡ ಮುಗಿಯುವವರೆಗೆ ಇರತಕ್ಕದ್ದು. ಒಂದು ಕಾಳು ಒಳಗೆ ಹೋದರೂ ಇಬ್ಬರೂ ಹೊರಗೆ. ನಾನು ಕಾಲೇಜಿಗೆ ಫೋನ್ ಮಾಡಿ ಸಂಬಳವಿಲ್ಲದ ರಜೆ ಕೇಳಿದೆ. ಗೌರವ ಇನ್ನೂ ಎರಡು ವಾರ ಮುಂದುವರಿದಿದೆಯೆಂದು ಪ್ರಿನ್ಸಿಪಾಲರು ಇನ್ನೊಂದು ಮೀಟಿಂಗಿನಲ್ಲಿ ಹೇಳಿದರಂತೆ.

ಹೊರಗೆ ಕಾರಿಡಾರಿನಲ್ಲಿ ರಾಮಕಿಶನ್ ಅವರಿಗೆ ನಸ್ರೀನ್ ಎಲ್ಲವನ್ನೂ ಬಿಡಿಸಿ ಹೇಳಿದಳು. ಇವಕ್ಕೆ ಕಾಯಿಲೆ ಬರಲೇಬೇಕು. ಹತ್ತಕ್ಕೆ ಔಷಧಿ ಕೊಡುತ್ತೇವೆ. ಕೊನೆಯ ದಿನ ಮೂವತ್ತನ್ನೂ ಕೊಂದು ಲಿವರ್ ನೋಡುತ್ತೇವೆ. ಮೇಲಿನ ಮಹಡಿಗೆ ಹೋದ ಮೂರು ಇಲಿ ವಾಪಸು ಬರುತ್ತವೆಂದು ಅವರು ಅದುವರೆಗೆ ಪಂಜರದಲ್ಲಿ ಜಾಗ ಬಿಟ್ಟಿದ್ದರು. ಎಲ್ಲ ಕೇಳಿಸಿಕೊಂಡು ಅವಳನ್ನೇ ಕೇಳಿದರು.

"ಕಾಯಿಲೆ ಮಾಡೋರು ನೀವು, ಔಷಧಿ ಕೊಡೋರು ನೀವು, ಕೊಲ್ಲೋರೂ ನೀವೇ. ಇದರಲ್ಲಿ ನನ್ನ ಕೆಲಸ ಯಾವುದು, ಬೇಟಾ?"

ನೀರು ಮತ್ತು ಶುಚಿ ಎಂದಳು ನಸ್ರೀನ್.

ಎರಡನೇ ಸಲ

ಈ ಸಲ ನಾನು ಮೇಘಾಳ ಹತ್ತಿರ ಹಿಂದಿ ಪಾಠಕ್ಕೆ ಕೂತೆ. ಅರ್ಥವಾಗದಿದ್ದರೆ "ಕ್ಯಾ?" ಎಂದು ಕೇಳಬೇಕು ಎಂಬುದು ಮೊದಲ ಪಾಠ. ಇಷ್ಟು ಸಣ್ಣ ಮಾತು ಮೂರು ಪರೀಕ್ಷೆಗಳಲ್ಲಿ ಯಾರೂ ಕಲಿಸಿರಲಿಲ್ಲ. ನಾನು ದಿನಕ್ಕೆ ನೂರು ಸಲ ಕ್ಯಾ ಎಂದು ಕೇಳತೊಡಗಿದ ಮೇಲೆ ರಾಮಕಿಶನ್ ಅವರಿಗೆ ನನ್ನ ಮೇಲಿದ್ದ ಗೌರವ ಸ್ವಲ್ಪ ಕಡಿಮೆಯಾಯಿತು, ಆದರೆ ಸ್ನೇಹ ಹೆಚ್ಚಿತು. ಅವರ ಮಗಳ ಮದುವೆ, ಮಂಡಿ ನೋವು, ತಾವು ಸೋತ ಒಂದೇ ಒಂದು ಕುಸ್ತಿ, ಎಲ್ಲ ತಿಳಿಯಿತು.

ಮಾತು ಕೊಟ್ಟಂತೆ ಅವರು ನಡೆದುಕೊಂಡರು. ಕಡಲೆ ಡಬ್ಬಿಯನ್ನು ಗೇಟಿನವನ ಹತ್ತಿರ ಬಿಟ್ಟು ಬರುತ್ತಿದ್ದರು. ಒಳಗೆ ಹೋಗುವ ಮೊದಲು ತಾವಾಗಿಯೇ ಜೇಬುಗಳನ್ನು ಹೊರಗೆಳೆದು ನನಗೆ ತೋರಿಸುತ್ತಿದ್ದರು. ಬೇಡ ಎಂದರೂ ಕೇಳುತ್ತಿರಲಿಲ್ಲ. ತೂಕ ನೋಡುವಾಗ ಒಂದೊಂದನ್ನೂ ತಕ್ಕಡಿಗಿಟ್ಟು ಅಂಕಿಯನ್ನು ಕೂಗಿ ಹೇಳುವುದು ಅವರ ಕೆಲಸ. ಮೊದಲ ವಾರ ದೊಡ್ಡ ದನಿಯಲ್ಲಿ ಹೇಳಿದರು. ಮೂರನೇ ವಾರದಲ್ಲಿ ನಾನು ಹತ್ತಿರ ಹೋಗಿ ಕಿವಿಗೊಟ್ಟು ಬರೆದುಕೊಳ್ಳಬೇಕಾಯಿತು.

ಫಲಿತಾಂಶವನ್ನು ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮ್ಮ ಮನಸ್ಸು ಅಲ್ಲೇ ಇರುತ್ತದೆ. ಕೊರತೆಯ ಊಟ ತಿಂದು ಔಷಧಿ ಪಡೆಯದ ಇಲಿಗಳ ಲಿವರು ಬೆಣ್ಣೆಯಂತೆ ಹಳದಿಯಾಗಿತ್ತು. ಔಷಧಿ ಪಡೆದವುಗಳದ್ದು ಪೂರಾ ಕೆಂಪಲ್ಲದಿದ್ದರೂ ಕೆಂಪಿನ ಕಡೆಗಿತ್ತು. ನಸ್ರೀನ್ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ ಅತ್ತಳು. ಅವಳ ಪ್ರಬಂಧ ಮಾರ್ಚ್ ಕೊನೆಗೆ ಸಲ್ಲಿಕೆಯಾಯಿತು. ಈಗ ಅವಳ ಹೆಸರಿನ ಮುಂದೆ ಡಾಕ್ಟರ್ ಇದೆ. ನನಗೂ ಸರ್ಟಿಫಿಕೇಟು ಸಿಕ್ಕಿತು, ದಿನಾಂಕ ಎಡಗಡೆಗೇ ಇದೆ.

ಕೊನೆಯ ದಿನದ ಹಿಂದಿನ ದಿನ

ನನ್ನ ಮನಸ್ಸು ನಿಂತಿರುವುದು ಆ ಲಿವರುಗಳನ್ನು ನೋಡಿದ್ದರ ಹಿಂದಿನ ಮಧ್ಯಾಹ್ನದಲ್ಲಿ. ಎಲ್ಲರೂ ಬಿಸಿಲಿಗೆ ಕೂತಿದ್ದರು. ಚಳಿ ಹೋಗಿ ವಾರವಾಗಿತ್ತು, ಆದರೂ ಅಭ್ಯಾಸ. ರಾಮಕಿಶನ್ ಒಂದು ರಜೆ ಅರ್ಜಿಯ ಫಾರಂ ಹಿಡಿದುಕೊಂಡು ನನ್ನ ಬಳಿ ಬಂದರು. ಫಾರಂ ಇಂಗ್ಲಿಷಿನಲ್ಲಿತ್ತು, ತುಂಬಿಕೊಡಿ ಎಂದರು. ಹನ್ನೊಂದು ವರ್ಷದಲ್ಲಿ ಅವರು ಹೇಳದೆ ಕೇಳದೆ ತಪ್ಪಿಸಿಕೊಂಡದ್ದೂ ಇಲ್ಲ, ರಜೆ ಕೇಳಿದ್ದೂ ಇಲ್ಲವೆಂದು ಗೇಟಿನವನು ಆಮೇಲೆ ಹೇಳಿದ.

ಹೆಸರು ಬರೆದೆ. ಎಷ್ಟು ದಿನ ಎಂದೆ. ಒಂದು ದಿನ, ನಾಳೆ ಎಂದರು. ಕಾರಣ ಎಂಬ ಜಾಗದಲ್ಲಿ ಏನು ಬರೆಯಲಿ ಎಂದೆ.

"ಮನೇಲಿ ಸಾವು ಅಂತ ಬರೀರಿ."

ಪೆನ್ನು ಇಟ್ಟು, ಯಾರು ಹೋದರು, ಯಾವಾಗ ಎಂದು ಕೇಳಿದೆ. ಅವರು ಇಲಿಮನೆಯ ಬಾಗಿಲ ಕಡೆ ಒಮ್ಮೆ ನೋಡಿದರು.

"ಇನ್ನೂ ಹೋಗಿಲ್ಲ, ಮೇಡಂಜೀ. ನಾಳೆ."

ಅವರು ಹೇಳಿದ್ದನ್ನೇ ಬರೆದೆ. ಡಾ. ಭಾರ್ಗವರ ಮೇಜಿಗೆ ನಾನೇ ಒಯ್ದೆ. ಅವರು ಅಭ್ಯಾಸದಂತೆ ಮೇಲಿನಿಂದ ಕೆಳಗಿನವರೆಗೆ ಓದಿದರು. ಕಾರಣದ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದರು. ಕ್ಯಾಲೆಂಡರಿನಲ್ಲಿ ನಾಳೆಯ ದಿನಾಂಕಕ್ಕೆ ತಾವೇ ಹಾಕಿದ್ದ ಕೆಂಪು ಗುರುತನ್ನು ನೋಡಿದರು. ಆಮೇಲೆ ಸಹಿ ಹಾಕಿ ಕಾಗದವನ್ನು ನನ್ನ ಕಡೆ ಸರಿಸಿದರು.

"ಒಂದು ದಿನ ಸಾಕಾಗುತ್ತಾ, ಕೇಳಿ" ಎಂದರು.